ನಸುಗುನ್ನಿಯ ಬೀಜವೂ ಸಂಶೋಧನೆಯ ಕಾಸೂ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ವಿದ್ಯಾರ್ಥಿವೇತನ, ಕನ್ನಡ ಮಾಧ್ಯಮದ ತರಗತಿ, ಭಾಷಾ ಅಲ್ಪಸಂಖ್ಯಾತರ ಹಕ್ಕು ಇವುಗಳಿಗೆ ಸಂಬಂಧಿಸಿದವು. ಈ ಸಲ ಅಕ್ಕಲಕೋಟೆಯ ಕಡೆಯ ಸೋದರಿಯೊಬ್ಬರು ಬರೆದ ಪತ್ರ ಬೇರೊಂದು ಬಗೆಯದು. ಅವರ ಮಾವನವರಿಗೆ ಏಳು ವರ್ಷಗಳಿಂದ ಪಾರ್ಕಿನ್ಸನ್ ರೋಗ. ಮೊದಮೊದಲು ಮಾತ್ರೆ ನುಂಗಿದರೆ ಎದ್ದು ಹೊಲದವರೆಗೆ ಹೋಗಿ ಬರುತ್ತಿದ್ದರಂತೆ. ಈಗ ಮಾತ್ರೆಯ ಬಲ ಎರಡು ಗಂಟೆಯೂ ನಿಲ್ಲುತ್ತಿಲ್ಲ. ಈ ರೋಗಕ್ಕೆ ಹೊಸ ಔಷಧ ಬರುವ ಸಂಭವ ಉಂಟೇ ಎಂಬುದು ಅವರ ಮೊದಲನೆಯ ಪ್ರಶ್ನೆ. ಎರಡನೆಯದು ಹಣದ ಪ್ರಶ್ನೆ. ಈ ರೋಗದ ಸಂಶೋಧನೆಗೆ ಸಹಾಯ ಮಾಡಿರೆಂದು ಯಾರೋ ದೇಣಿಗೆ ಕೇಳಲು ಬಂದಾಗ ಮನೆಯ ಹಿರಿಯರೊಬ್ಬರು, ‘ಇಷ್ಟ ದೊಡ್ಡ ದೊಡ್ಡ ಕಂಪನಿ ಅದಾವ, ಸರಕಾರ ಅದ, ನಮ್ಮ ಐದನೂರು ರೂಪಾಯಿಲೆ ಏನ ಆಗ್ತದ?’ ಎಂದರಂತೆ. ಆ ಮಾತು ಸರಿಯೇ ಎಂದು ಸೋದರಿ ಕೇಳಿರುವರು.

ನಾವು ವೈದ್ಯರಲ್ಲ, ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯರು. ಆದರೂ ಪ್ರಶ್ನೆ ಕೇಳಿದವರಿಗೆ ಓದಿ ತಿಳಿದು ಉತ್ತರಿಸುವುದು ನಮ್ಮ ವೃತ್ತಿಧರ್ಮವಷ್ಟೆ. ಮಾವನವರು ಈಗ ನುಂಗುತ್ತಿರುವ ಮಾತ್ರೆ ಎಲ್ಲಿಂದ ಬಂತು, ಅದಕ್ಕೆ ಯಾರು ಯಾರು ಕಾಸು ಕೊಟ್ಟರು ಎಂಬುದನ್ನು ತಿಳಿದರೆ ಎರಡು ಪ್ರಶ್ನೆಗಳಿಗೂ ದಾರಿ ತೆರೆದೀತು.

ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರು 1817ರಲ್ಲಿ ಈ ರೋಗವನ್ನು ಕುರಿತು ಒಂದು ಪುಟ್ಟ ಪ್ರಬಂಧವನ್ನು ಪ್ರಕಟಿಸಿದರು. ಅದರಲ್ಲಿ ಅವರು ವರ್ಣಿಸಿದುದು ಆರು ಮಂದಿ ರೋಗಿಗಳನ್ನು ಮಾತ್ರ. ಅವರಲ್ಲಿಯೂ ಕೆಲವರನ್ನು ಬೀದಿಯಲ್ಲಿ ಹೋಗುವಾಗ ಕಂಡು ಗಮನಿಸಿದುದಷ್ಟೆ. ನಮ್ಮ ವೈದ್ಯರು ಕಂಪವಾತವೆಂದು ಕರೆಯುತ್ತಿದ್ದುದು ಬಹುಮಟ್ಟಿಗೆ ಇದನ್ನೇ. ಆದರೆ ನಡುಕವೊಂದೇ ಇದರ ಗುರುತಲ್ಲ. ನಡುಕವಿಲ್ಲದ ರೋಗಿಗಳೂ ಇರುವರು. ನಡೆ ನಿಧಾನವಾಗುವುದು, ಮೈ ಬಿಗಿಯುವುದು, ನಡೆಯುವಾಗ ಒಂದು ಕೈ ಬೀಸದೆ ಜೋತು ಬೀಳುವುದು, ಮುಖದಲ್ಲಿ ಭಾವ ಮಾಸುವುದು, ದನಿ ತಗ್ಗುವುದು ಇವೆಲ್ಲ ಅದರ ಲಕ್ಷಣಗಳೇ. ಮೂಗಿಗೆ ವಾಸನೆ ತಿಳಿಯದಿರುವುದು, ಮಲಬದ್ಧತೆ ಇವು ಎಷ್ಟೋ ವರ್ಷ ಮೊದಲೇ ತಲೆದೋರಬಹುದು.

ಮೇಷ್ಟರುಗಳಿಗೆ ಬೇಗ ಕಾಣುವ ಲಕ್ಷಣವೊಂದು ಉಂಟು: ಅಕ್ಷರ ಸಣ್ಣದಾಗುವುದು. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಚಿತ್ರಕಲೆಯ ಅಧ್ಯಾಪಕರು. ಕರಿಹಲಗೆಯ ಮೇಲೆ ಅವರು ಬರೆದ ದುಂಡಕ್ಷರವನ್ನು ಒರೆಸಲು ಮಕ್ಕಳಿಗೆ ಮನಸ್ಸು ಬರುತ್ತಿರಲಿಲ್ಲ. ನಿವೃತ್ತಿಗೆ ಎರಡು ವರ್ಷವಿರುವಾಗ ಹಾಜರಿ ಪುಸ್ತಕದಲ್ಲಿ ಅವರ ರುಜು ತಿಂಗಳಿಂದ ತಿಂಗಳಿಗೆ ಕುಗ್ಗುತ್ತ ಬಂದು, ಕಡೆಗೆ ಸಾಸಿವೆಯ ಸಾಲಿನಂತಾಯಿತು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅದನ್ನು ಉದಾಸೀನವೆಂದು ಬರೆದು ಹೋದರು. ಅದು ರೋಗವೆಂದು ಮಂಗಳೂರಿನ ನರರೋಗ ತಜ್ಞರಿಂದ ತಿಳಿದಾಗ ಒಂದೂವರೆ ವರ್ಷ ಕಳೆದಿತ್ತು.

ಒಳಗೆ ನಡೆಯುವುದಿಷ್ಟು. ಮಿದುಳಿನ ನಡುಭಾಗದಲ್ಲಿ ಕಪ್ಪು ಬಣ್ಣದ ಜೀವಕೋಶಗಳ ಒಂದು ಸಣ್ಣ ಗುಂಪು ಇದೆ. ಅವು ಡೋಪಮೈನ್ ಎಂಬ ದ್ರವ್ಯವನ್ನು ತಯಾರಿಸುವುವು. ಮೈಯ ಚಲನೆ ಸರಾಗವಾಗಿರಲು ಆ ದ್ರವ್ಯ ಬೇಕು. ಈ ರೋಗದಲ್ಲಿ ಆ ಕೋಶಗಳು ಮೆಲ್ಲಮೆಲ್ಲನೆ ಸಾಯುತ್ತವೆ. ಹೊರಗೆ ಲಕ್ಷಣ ಕಾಣುವ ಹೊತ್ತಿಗೆ ಆ ದ್ರವ್ಯದ ಬಹುಪಾಲು ಬತ್ತಿರುತ್ತದೆ.

ಇನ್ನು ಮಾತ್ರೆಯ ಕಥೆ. ನಮ್ಮ ಗಡಿನಾಡಿನ ಬೇಲಿಗಳಲ್ಲಿ ಬೆಳೆಯುವ ನಸುಗುನ್ನಿಯ ಬಳ್ಳಿಯನ್ನು ಅರಿಯದವರಾರು? ನೆರೆಯ ಮಲಯಾಳಿಗಳು ಅದನ್ನು ನಾಯ್ಕುರಣವೆನ್ನುವರು. ಕಾಯಿಯ ಮೇಲಿನ ಹೊಂಬಣ್ಣದ ರೋಮ ಮೈಗೆ ತಾಗಿದರೆ ಉರಿ, ತುರಿಕೆ. ಅದನ್ನು ತಂದು ಸಹಪಾಠಿಯ ಬೆಂಚಿನ ಮೇಲೆ ಸವರಿಟ್ಟವರ ವಿಚಾರಣೆ ನಮ್ಮ ಕೋಣೆಯಲ್ಲಿ ಎಷ್ಟು ಸಲ ನಡೆದಿದೆಯೋ ಲೆಕ್ಕವಿಲ್ಲ. ಆ ಕಾಯಿಯೊಳಗಿನ ಬೀಜದಿಂದ 1937ರಲ್ಲಿ ಮದರಾಸಿನ ಎಂ. ದಾಮೋದರನ್ ಮತ್ತು ಆರ್. ರಾಮಸ್ವಾಮಿ ಎಂಬಿಬ್ಬರು ವಿಜ್ಞಾನಿಗಳು ಲೆವೊಡೋಪಾ ಎಂಬ ದ್ರವ್ಯವನ್ನು ಬೇರ್ಪಡಿಸಿ ತೆಗೆದರು. ಆಗ ನಮ್ಮ ಕಾಸರಗೋಡೂ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇತ್ತೆಂಬುದನ್ನು ಹಿರಿಯ ವಾಚಕರು ಬಲ್ಲರು. ಇದಕ್ಕೂ ಮೊದಲು, 1913ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಔಷಧ ಕಂಪೆನಿಯೊಂದರ ವಿಜ್ಞಾನಿ ಮಾರ್ಕಸ್ ಗುಗೆನ್‌ಹೈಮರು ಅದೇ ದ್ರವ್ಯವನ್ನು ಒಂದು ಜಾತಿಯ ಅವರೆಯಿಂದ ತೆಗೆದಿದ್ದರು. ಅದರ ಗುಣವನ್ನು ನೋಡಲು ಎರಡೂವರೆ ಗ್ರಾಮಿನಷ್ಟನ್ನು ತಾವೇ ನುಂಗಿ, ಮನಸಾರೆ ವಾಂತಿ ಮಾಡಿಕೊಂಡರು. ಮದರಾಸಿನವರಾಗಲಿ ಬಾಸೆಲಿನವರಾಗಲಿ ಪಾರ್ಕಿನ್ಸನ್ ರೋಗದ ಔಷಧವನ್ನು ಹುಡುಕಲು ಹೊರಟವರಲ್ಲ. ಆ ದ್ರವ್ಯಕ್ಕೆ ಉಪಯೋಗವೇನೆಂದು ಬಹುಕಾಲ ಯಾರಿಗೂ ತಿಳಿಯಲಿಲ್ಲ.

ತಿಳಿದದ್ದು ಇನ್ನೊಂದು ಗಿಡದ ಮೂಲಕ. ಸರ್ಪಗಂಧಿಯ ಬೇರು ರಕ್ತದೊತ್ತಡವನ್ನು ಇಳಿಸುವುದೆಂದು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ಇಂಗ್ಲೆಂಡಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಬಾಸೆಲಿನಲ್ಲಿಯೇ ಆ ಬೇರಿನಿಂದ ರಿಸರ್ಪೀನ್ ಎಂಬ ಸಾರವನ್ನು ತೆಗೆದರು. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಎಂಬವರು ಆ ಸಾರವನ್ನು ಮೊಲಗಳಿಗೆ ಕೊಟ್ಟರು. ಮೊಲಗಳು ಕಿವಿ ಇಳಿಬಿಟ್ಟು ಕಲ್ಲಿನಂತೆ ಕುಳಿತವು. ಬಳಿಕ ಲೆವೊಡೋಪಾ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲಿಯೇ ಮೊಲಗಳು ಎದ್ದು ಓಡಾಡಿದವು. ಇದು 1957ರ ಮಾತು. ಡೋಪಮೈನ್ ಇಲ್ಲದೆ ಚಲನೆಯಿಲ್ಲವೆಂಬುದು ಹೀಗೆ ಗೊತ್ತಾಯಿತು. ಈ ಕೆಲಸಕ್ಕಾಗಿ ಕಾರ್ಲ್‌ಸನ್ನರಿಗೆ ನೊಬೆಲ್ ಪಾರಿತೋಷಕ ದೊರೆತುದು 2000ದಲ್ಲಿ. ವಿಯೆನ್ನಾದ ಒಲೆಹ್ ಹಾರ್ನಿಕೀವಿಚ್ ಎಂಬವರು ಈ ರೋಗದ ಲಕ್ಷಣಗಳಿದ್ದು ತೀರಿಕೊಂಡ ಆರು ಮಂದಿಯ ಮಿದುಳುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಡೋಪಮೈನ್ ಬತ್ತಿಹೋಗಿರುವುದನ್ನು 1960ರಲ್ಲಿ ಪ್ರಕಟಿಸಿದರು. ಮರುವರ್ಷ ಅಲ್ಲಿಯ ಬಿರ್ಕ್‌ಮಾಯರ್ ಎಂಬ ವೈದ್ಯರ ಕೈಯಲ್ಲಿ ರೋಗಿಗಳಿಗೆ ಲೆವೊಡೋಪಾ ಚುಚ್ಚಿಸಿದಾಗ, ಹಾಸಿಗೆ ಬಿಟ್ಟು ಏಳಲಾರದವರು ಎದ್ದು ನಡೆದರು. ಕೆಲವು ಗಂಟೆಗಳ ಬಳಿಕ ಮತ್ತೆ ಹಾಸಿಗೆ ಹಿಡಿದರು.

ಅದನ್ನು ನಿತ್ಯ ನುಂಗುವ ಔಷಧವಾಗಿ ಮಾಡಿದವರು ಅಮೇರಿಕದ ಜಾರ್ಜ್ ಕೊಟ್ಜಿಯಾಸ್. ಅವರು ಚಿಲಿ ದೇಶದ ಮ್ಯಾಂಗನೀಸ್ ಗಣಿಗಳ ಕಾರ್ಮಿಕರಿಗೆ ತಗಲುವ ವಿಷಬಾಧೆಯನ್ನು ಅಭ್ಯಾಸ ಮಾಡುತ್ತಿದ್ದವರು. ಆ ಕಾರ್ಮಿಕರ ನಡೆ ಪಾರ್ಕಿನ್ಸನ್ ರೋಗಿಗಳ ನಡೆಯನ್ನು ಹೋಲುತ್ತಿತ್ತು. ಸ್ವಲ್ಪಸ್ವಲ್ಪವಾಗಿ ಪ್ರಮಾಣವನ್ನು ಏರಿಸುತ್ತ ಹೋದರೆ ಔಷಧ ಮೈಗೆ ಹಿಡಿಯುವುದೆಂದು ಅವರು 1967ರಲ್ಲಿ ತೋರಿಸಿದರು. ಅವರಿದ್ದ ಪ್ರಯೋಗಶಾಲೆ ಅಮೇರಿಕದ ಪರಮಾಣು ಶಕ್ತಿ ಆಯೋಗದ್ದು ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಬೀಜ ಒಬ್ಬರದು, ಬೇರು ಇನ್ನೊಬ್ಬರದು, ಮೊಲ ಮತ್ತೊಬ್ಬರದು. ಕಾಸಂತೂ ವಿಶ್ವವಿದ್ಯಾಲಯ, ಔಷಧ ಕಂಪೆನಿ, ಸರಕಾರ ಹೀಗೆ ಹತ್ತು ಕಡೆಯದು. ಕಡೆಯ ಹೆಜ್ಜೆಯೊಂದನ್ನು ಬಿಟ್ಟರೆ ಉಳಿದ ಯಾವ ಹೆಜ್ಜೆಗೆ ಕಾಸು ಕೊಟ್ಟವರಿಗೂ ಅದರಿಂದ ಹುಟ್ಟುವ ಔಷಧ ಕಾಣುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಬೀಜದಲ್ಲಿಯೇ ಔಷಧವಿದೆಯೆಂದು ನಸುಗುನ್ನಿಯನ್ನು ಕುಟ್ಟಿ ಪುಡಿ ಮಾಡಿ ಕುಡಿಯಲು ಯಾರೂ ತೊಡಗಬಾರದು. ಬಳ್ಳಿಯಿಂದ ಬಳ್ಳಿಗೆ ದ್ರವ್ಯದ ಪ್ರಮಾಣ ವ್ಯತ್ಯಾಸವಾಗುವುದು. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಎರಡೂ ಸೇರಿ ಅಪಾಯವಾದೀತು. ಶುದ್ಧಪಡಿಸಿ ಪ್ರಮಾಣ ಗೊತ್ತುಮಾಡಿದ ಪುಡಿಯನ್ನು ರೋಗಿಗಳಿಗೆ ಕೊಟ್ಟು ನೋಡಿದ ಪ್ರಯೋಗಗಳು ನಡೆದಿವೆ; ಗುಣವೂ ಕಂಡಿದೆ. ಆದರೆ ಅದು ವೈದ್ಯರ ಕಣ್ಣೆದುರು ನಡೆಯತಕ್ಕ ಕೆಲಸ.

ಲೆವೊಡೋಪಾ ಬಂದು ಅರ್ಧ ಶತಮಾನ ಮೀರಿದರೂ ಇಂದಿಗೂ ಅದಕ್ಕೆ ಸಾಟಿಯಾದ ಮಾತ್ರೆ ಇನ್ನೊಂದಿಲ್ಲ. ಆದರೆ ಅದು ಮಾಡುವುದೇನು? ನಮ್ಮಲ್ಲಿ ಸುರಂಗದ ನೀರನ್ನು ನಂಬಿದ ತೋಟಗಳುಂಟು. ಒರತೆ ಬತ್ತುತ್ತ ಬಂದಾಗ ತೊಟ್ಟಿಗೆ ಕೊಡಪಾನದಿಂದ ನೀರು ಹೊತ್ತು ಹೊಯ್ದರೆ ಆ ದಿನಕ್ಕೆ ಗಿಡ ಬದುಕುತ್ತದೆ, ಒರತೆ ತೆರೆಯುವುದಿಲ್ಲ. ಮಾತ್ರೆಯೂ ಹಾಗೆಯೇ. ವರ್ಷಗಳು ಕಳೆದಂತೆ ಅದರ ಬಲ ನಿಲ್ಲುವ ವೇಳೆ ಕಡಿಮೆಯಾಗುತ್ತದೆ. ಕೆಲವರಿಗೆ ಮೈ ತಾನಾಗಿ ತಿರುಚಾಡತೊಡಗುತ್ತದೆ. ಅಕ್ಕಲಕೋಟೆಯ ಮಾವನವರಿಗೆ ಆಗಿರುವುದು ಇದೇ ಇದ್ದೀತು. ಬೇಳೆ, ಹಾಲು, ಮೊಟ್ಟೆ ಮೊದಲಾದ ಪ್ರೋಟೀನಿನ ಆಹಾರದೊಡನೆ ನುಂಗಿದರೆ ಮಾತ್ರೆ ಸರಿಯಾಗಿ ಹಿಡಿಯದು. ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಲು ವೈದ್ಯರು ಹೇಳುವುದು ಈ ಕಾರಣದಿಂದ. ವೇಳೆಯನ್ನೂ ಪ್ರಮಾಣವನ್ನೂ ಅವರು ಬದಲಿಸಿ ಕೊಡಬಲ್ಲರು. ತಾವಾಗಿ ಥಟ್ಟನೆ ನಿಲ್ಲಿಸುವುದು ಮಾತ್ರ ಸರ್ವಥಾ ಕೂಡದು. ಫ್ರಾನ್ಸಿನ ಗ್ರೆನೋಬಲಿನಲ್ಲಿ ಬೆನಾಬಿಡ್ ಎಂಬ ವೈದ್ಯರು 1987ರಲ್ಲಿ ಆರಂಭಿಸಿದ, ಮಿದುಳಿನಾಳಕ್ಕೆ ತೆಳುವಾದ ತಂತಿಯಿಳಿಸಿ ವಿದ್ಯುತ್ ಹರಿಸುವ ಚಿಕಿತ್ಸೆ ಬೆಂಗಳೂರು, ತಿರುವನಂತಪುರ ಮೊದಲಾದ ಕಡೆ ದೊರೆಯುತ್ತದೆ. ಅದಕ್ಕೆ ಹಲವು ಲಕ್ಷ ರೂಪಾಯಿಗಳು ಬೇಕು. ಎಲ್ಲ ರೋಗಿಗಳಿಗೂ ಒಗ್ಗುವುದಿಲ್ಲ. ಅದರಿಂದಲೂ ಒರತೆ ತೆರೆಯುವುದಿಲ್ಲ. ಜೀವಕೋಶಗಳು ಸಾಯುವುದನ್ನು ತಡೆಯುವುದೆಂದು ಸಿದ್ಧವಾದ ಔಷಧ ಇಂದಿನವರೆಗೆ ಜಗತ್ತಿನಲ್ಲಿ ಒಂದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿಯೇ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಮಂದಿಗೆ ಈ ರೋಗವಿತ್ತು.

ಇಷ್ಟು ಜನ ರೋಗಿಗಳಿರುವಾಗ ಕಂಪೆನಿಗಳೇ ಹುಡುಕಲಾರವೇ ಎಂಬುದು ಆ ಹಿರಿಯರ ತರ್ಕ. ತರ್ಕ ಸಹಜವಾದುದೇ. ಆದರೆ 2018ರ ಜನವರಿಯಲ್ಲಿ ಫೈಜರ್ ಎಂಬ ಭಾರಿ ಔಷಧ ಕಂಪೆನಿ ಪಾರ್ಕಿನ್ಸನ್ ಮತ್ತು ಆಲ್‌ಜೈಮರ್ ರೋಗಗಳಿಗೆ ಹೊಸ ಔಷಧ ಹುಡುಕುವ ತನ್ನ ಕೆಲಸವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿ, ಸುಮಾರು 300 ಹುದ್ದೆಗಳನ್ನು ರದ್ದುಮಾಡಿತು. ವ್ಯಾಪಾರಿ ತನ್ನ ಲಾಭನಷ್ಟ ನೋಡುವನು. ಅದರಲ್ಲಿ ಬೈಯುವಂತಹದು ಏನೂ ಇಲ್ಲ. ಅವನನ್ನೇ ನಂಬಿ ಕುಳಿತರೆ ನಮಗೆ ಕಷ್ಟ.

ಇನ್ನೂ ಒಂದು ತೊಡಕು. ಹಳೆಯ, ಅಗ್ಗದ ಔಷಧವೊಂದು ಈ ರೋಗಕ್ಕೂ ಉಪಯೋಗವಾದೀತೆಂಬ ಸೂಚನೆ ಸಿಕ್ಕಿತೆನ್ನೋಣ. ಅದರ ಹಕ್ಕುಸ್ವಾಮ್ಯ ಮುಗಿದಿದ್ದರೆ ಯಾವ ಕಂಪೆನಿಯೂ ಕೋಟಿಗಟ್ಟಲೆ ವೆಚ್ಚ ಮಾಡಿ ಪರೀಕ್ಷಿಸಲಾರದು, ಏಕೆಂದರೆ ಸಿದ್ಧವಾದ ಬಳಿಕ ಯಾರೂ ಅದನ್ನು ತಯಾರಿಸಿ ಮಾರಬಹುದು. ಕಫ ಕರಗಿಸಲು ಕೆಮ್ಮಿನ ಸಿರಪಿನಲ್ಲಿ ಹಾಕುವ ಆಂಬ್ರಾಕ್ಸಾಲ್ ಎಂಬುದು ಅಂತಹ ಒಂದು ಔಷಧ. ಜೀವಕೋಶದೊಳಗಿನ ಕಸವನ್ನು ಕರಗಿಸುವ ಒಂದು ಕಿಣ್ವಕ್ಕೆ ಅದು ಬಲ ಕೊಡುವುದೆಂದು ಕಂಡುಬಂದಿದೆ. ಅದರಿಂದ ರೋಗದ ಓಟ ತಗ್ಗುವುದೇ ಎಂದು ನೋಡಲು ಬ್ರಿಟನ್ನಿನಲ್ಲಿ 330 ರೋಗಿಗಳ ಮೇಲೆ ಎರಡು ವರ್ಷದ ಪ್ರಯೋಗವೊಂದು 2025ರಲ್ಲಿ ಆರಂಭವಾಯಿತು. ಅದಕ್ಕೆ ಬೆನ್ನೆಲುಬಾದವು ಜನರಿಂದ ದೇಣಿಗೆ ಎತ್ತುವ ಸಂಸ್ಥೆಗಳು. ಕ್ಯೂರ್ ಪಾರ್ಕಿನ್ಸನ್ಸ್ ಎಂಬುದು ಅವುಗಳಲ್ಲೊಂದು. 2005ರಲ್ಲಿ ಅದನ್ನು ಕಟ್ಟಿದವರು ಸ್ವತಃ ಈ ರೋಗವಿದ್ದ ನಾಲ್ವರು.

ಪ್ರಯೋಗ ಮಾಡಿದ್ದೆಲ್ಲ ಫಲಿಸುವುದಿಲ್ಲ. ಎಕ್ಸೆನಟೈಡ್ ಎಂಬ ಸಿಹಿಮೂತ್ರ ರೋಗದ ಔಷಧವನ್ನು ಲಂಡನ್ನಿನಲ್ಲಿ 62 ಪಾರ್ಕಿನ್ಸನ್ ರೋಗಿಗಳ ಮೇಲೆ ಪರೀಕ್ಷಿಸಿದಾಗ 2017ರಲ್ಲಿ ಆಶಾದಾಯಕ ಫಲ ಕಂಡಿತ್ತು. ಎಲ್ಲೆಡೆ ಸುದ್ದಿಯಾಯಿತು. ಬಳಿಕ 194 ಮಂದಿಯ ಮೇಲೆ ಸುಮಾರು ಎರಡು ವರ್ಷ ಪರೀಕ್ಷಿಸಿದರು. 2025ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅದರಿಂದ ಏನೂ ಉಪಯೋಗವಾಗಲಿಲ್ಲ. ಹಾಗಾದರೆ ಆ ಹಣ ನೀರಿಗೆ ಹೋಮವಾಯಿತೇ? ನಮಗೆ ಹಾಗೆನಿಸುವುದಿಲ್ಲ. ಎರಡನೆಯ ಪರೀಕ್ಷೆ ನಡೆಯದೇ ಇದ್ದಿದ್ದರೆ ಸಾವಿರಾರು ಕುಟುಂಬಗಳು ಮೊದಲನೆಯದನ್ನು ನಂಬಿ ಆ ಚುಚ್ಚುಮದ್ದಿಗೆ ಮನೆ ಒತ್ತೆಯಿಡುತ್ತಿದ್ದವು.

ದೊಡ್ಡ ಪರೀಕ್ಷೆ ಏಕೆ ಬೇಕೆಂಬುದಕ್ಕೆ ಇನ್ನೊಂದು ಕಾರಣವನ್ನು ಕೆನಡಾ ದೇಶದ ವ್ಯಾಂಕೂವರಿನ ವಿಜ್ಞಾನಿಗಳು 2001ರಲ್ಲಿ ತೋರಿಸಿಕೊಟ್ಟರು. ಪಾರ್ಕಿನ್ಸನ್ ರೋಗಿಗೆ ಔಷಧವೇ ಇಲ್ಲದ ಹುಸಿಮದ್ದನ್ನು ಕೊಟ್ಟರೂ, ಗುಣವಾದೀತೆಂಬ ನಿರೀಕ್ಷೆಯಿಂದಲೇ ಅವನ ಮಿದುಳಿನಲ್ಲಿ ಡೋಪಮೈನ್ ಹೊರಬೀಳುವುದು. ಕೈನಡುಕ ಕೆಲವು ದಿನ ತಗ್ಗಲೂಬಹುದು. ಈ ಒಂದು ಸಂಗತಿ ಗೊತ್ತಿದ್ದರೆ ಊರೂರಿನ ಜಾಹೀರಾತುಗಳ ಗುಟ್ಟು ಬಯಲಾಗುವುದು. ಮೇಲೆ ಹೇಳಿದ ನಮ್ಮ ಚಿತ್ರಕಲೆಯ ಮೇಷ್ಟರಿಗೆ ಆದುದು ಅದೇ. ದೂರದ ನಗರದ ಚಿಕಿತ್ಸಾಲಯವೊಂದು ಮೂಲಕೋಶಗಳನ್ನು ಚುಚ್ಚಿ ರೋಗವನ್ನು ಬೇರುಸಹಿತ ಕೀಳುವೆವೆಂದು ಹೇಳಿ ಅವರಿಂದ ಆರು ಲಕ್ಷ ರೂಪಾಯಿ ತೆಗೆದುಕೊಂಡಿತು. ನಿವೃತ್ತಿಯಲ್ಲಿ ಬಂದ ಹಣದ ಬಹುಪಾಲು ಅದು. ಮೂರು ವಾರ ಕೈ ಹಗುರವಾಯಿತು. ‘ಮಾಷ್ಟ್ರೇ, ನೋಡಿ, ಲೋಟ ಹಿಡಿಯುತ್ತೇನೆ’ ಎಂದು ನಮಗೆ ತೋರಿಸಿದರು. ನಾಲ್ಕನೆಯ ವಾರ ಎಲ್ಲವೂ ಮೊದಲಿನಂತೆ. ಹಣ ಹಿಂದಿರುಗಲಿಲ್ಲ, ಚಿಕಿತ್ಸಾಲಯದವರು ಎರಡನೆಯ ಸುತ್ತಿಗೆ ಬನ್ನಿರೆಂದು ಫೋನು ಮಾಡಿದರು. ಮಗಳ ಮದುವೆಗೆ ಅವರು ಸಾಲ ಮಾಡಬೇಕಾಯಿತು.

ಮೂಲಕೋಶದ ಚಿಕಿತ್ಸೆಯೇ ಸುಳ್ಳೆಂದು ನಾವು ಹೇಳುತ್ತಿಲ್ಲ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದವರು ಅಂತಹ ಕೋಶಗಳಿಂದ ಡೋಪಮೈನ್ ತಯಾರಿಸುವ ಕೋಶಗಳನ್ನು ಬೆಳೆಸಿ ಏಳು ಮಂದಿ ರೋಗಿಗಳ ಮಿದುಳಿನಲ್ಲಿ ನೆಟ್ಟು, ಅವು ಬದುಕಿ ಕೆಲಸ ಮಾಡುತ್ತಿರುವುದನ್ನು 2025ರ ಎಪ್ರಿಲಿನಲ್ಲಿ ಪ್ರಕಟಿಸಿದರು. ಅದೇ ತಿಂಗಳು ಅಮೇರಿಕದಿಂದಲೂ 12 ಮಂದಿಯ ಮೇಲಿನ ಇಂತಹುದೇ ಪ್ರಯೋಗದ ವರದಿ ಬಂತು. ಒರತೆಯನ್ನೇ ಮತ್ತೆ ತೆರೆಯುವ ಪ್ರಯತ್ನಗಳಿವು. ಏಳು ಮತ್ತು ಹನ್ನೆರಡು ಕೂಡಿದರೆ ಹತ್ತೊಂಬತ್ತು. ಮುಂದೆ ನೂರಾರು ಮಂದಿಯ ಮೇಲೆ ಪರೀಕ್ಷೆಯಾಗಬೇಕು. ಸೋದರಿಯ ಮೊದಲನೆಯ ಪ್ರಶ್ನೆಗೆ ನಾವು ಕೊಡಬಹುದಾದ ಪ್ರಾಮಾಣಿಕ ಉತ್ತರವೆಂದರೆ, ಬರುವ ಸಂಭವ ಹಿಂದೆಂದಿಗಿಂತ ಇಂದು ಹೆಚ್ಚು, ನಾಳೆಯೇ ಅಲ್ಲ.

ಈಗ ಐದುನೂರು ರೂಪಾಯಿಯ ಪ್ರಶ್ನೆ. ಸ್ಕಾಟ್ಲೆಂಡಿನ ಪರ್ತ್ ಎಂಬ ಊರಿನಲ್ಲಿ ಜಾಯ್ ಮಿಲ್ನ್ ಎಂಬ ದಾದಿಯೊಬ್ಬರಿದ್ದಾರೆ. ತಮ್ಮ ಪತಿಗೆ ಪಾರ್ಕಿನ್ಸನ್ ರೋಗವೆಂದು ತಿಳಿಯುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರ ಮೈವಾಸನೆ ಬದಲಾದುದನ್ನು ಆಕೆ ಗಮನಿಸಿದ್ದರು. ಬಹುಕಾಲದ ಮೇಲೆ ರೋಗಿಗಳ ಕೂಟವೊಂದಕ್ಕೆ ಹೋದಾಗ ಕೋಣೆಯ ತುಂಬ ಅದೇ ವಾಸನೆ! 2012ರಲ್ಲಿ ಒಂದು ಉಪನ್ಯಾಸದ ಕೊನೆಗೆ ಎಡಿನ್‌ಬರೋ ವಿಶ್ವವಿದ್ಯಾಲಯದ ವಿಜ್ಞಾನಿಗೆ ಆಕೆ ಇದನ್ನು ಕೇಳಿದರು. ಮೊದಲು ಅವರಿಗೆ ಅರ್ಥವಾಗಲಿಲ್ಲ. ಬಳಿಕ ಆರು ರೋಗಿಗಳೂ ಆರು ಆರೋಗ್ಯವಂತರೂ ತೊಟ್ಟ ಬನಿಯನ್ನುಗಳನ್ನು ಕೊಟ್ಟು ಪರೀಕ್ಷಿಸಿದರು. ಆರು ರೋಗಿಗಳನ್ನೂ ಆಕೆ ಸರಿಯಾಗಿ ಗುರುತಿಸಿದರು. ಆರೋಗ್ಯವಂತರಲ್ಲಿ ಒಬ್ಬನಿಗೂ ರೋಗವಿದೆಯೆಂದರು. ಅದೊಂದು ತಪ್ಪಾಯಿತೆಂದು ಎಲ್ಲರೂ ಎಣಿಸಿದರು. ಕೆಲವು ತಿಂಗಳ ಬಳಿಕ ಆ ಮನುಷ್ಯನಿಗೂ ಪಾರ್ಕಿನ್ಸನ್ ಇದೆಯೆಂದು ವೈದ್ಯರು ಹೇಳಿದರು. ಚರ್ಮದ ಜಿಡ್ಡಿನಲ್ಲಿ ಆ ವಾಸನೆಯ ದ್ರವ್ಯಗಳಾವುವೆಂದು ಮ್ಯಾಂಚೆಸ್ಟರಿನವರು 2019ರಲ್ಲಿ ಕಂಡುಹಿಡಿದರು. ಈ ವಿಚಿತ್ರ ಪ್ರಶ್ನೆಯನ್ನು ನಂಬಿ ಹಣ ಕೊಟ್ಟುದು ಪಾರ್ಕಿನ್ಸನ್ಸ್ ಯುಕೆ ಎಂಬ ದತ್ತಿಸಂಸ್ಥೆ. ಸರಕಾರದ ಅನುದಾನ ಸಾಮಾನ್ಯವಾಗಿ ಅರ್ಧ ಸಿದ್ಧವಾದ ವಿಚಾರಕ್ಕೆ ಸಿಗುವುದು. ಕಂಪೆನಿಯ ಹಣ ಮುಕ್ಕಾಲು ಸಿದ್ಧವಾದುದಕ್ಕೆ. ಇನ್ನೂ ಮೊಳಕೆಯಲ್ಲಿರುವ ಪ್ರಶ್ನೆಗೆ ನೀರೆರೆಯುವುದು ಹೆಚ್ಚಾಗಿ ಜನರ ಚಿಲ್ಲರೆ ಕಾಸೇ.

ಚಿಲ್ಲರೆಯ ಶಕ್ತಿಗೆ ಹಳೆಯ ನಿದರ್ಶನ ಪೋಲಿಯೋ. 1938ರಲ್ಲಿ ಅಮೇರಿಕದ ಅಧ್ಯಕ್ಷ ರೂಸ್‌ವೆಲ್ಟರು ಪೋಲಿಯೋ ವಿರುದ್ಧ ಒಂದು ನಿಧಿ ಆರಂಭಿಸಿದಾಗ, ಪ್ರತಿಯೊಬ್ಬರೂ ಹತ್ತು ಸೆಂಟಿನ ಒಂದೊಂದು ನಾಣ್ಯವನ್ನು ಅಧ್ಯಕ್ಷರ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಬೇಕೆಂದು ರೇಡಿಯೋದಲ್ಲಿ ಕೋರಲಾಯಿತು. ಬಂದ ಲಕೋಟೆಗಳನ್ನು ಒಡೆಯಲು ಅಲ್ಲಿನ ಸಿಬ್ಬಂದಿಗೆ ಸಾಧ್ಯವಾಗಲಿಲ್ಲವಂತೆ. ಶಾಲಾ ಮಕ್ಕಳೂ ಕಳುಹಿಸಿದ್ದರು. ಆ ನಿಧಿಯ ಬಲದಿಂದಲೇ ಸಾಲ್ಕರ ಲಸಿಕೆ ಸಿದ್ಧವಾಗಿ, 1955ರಲ್ಲಿ ಅದು ಫಲಕಾರಿಯೆಂದು ಸಾರಲಾಯಿತು. ಪಾರ್ಕಿನ್ಸನ್ ರೋಗದಲ್ಲಿ ಆ ಬಗೆಯ ಕೆಲಸವನ್ನು ಮಾಡುತ್ತಿರುವುದು ನಟ ಮೈಕೆಲ್ ಜೆ. ಫಾಕ್ಸ್ 2000ದಲ್ಲಿ ಸ್ಥಾಪಿಸಿದ ಪ್ರತಿಷ್ಠಾನ. ಅವರಿಗೆ ರೋಗ ತಿಳಿದಾಗ ವಯಸ್ಸು 29. ಇದುವರೆಗೆ 200 ಕೋಟಿ ಡಾಲರಿಗೂ ಹೆಚ್ಚು ಹಣ ಅದರ ಮೂಲಕ ಸಂಶೋಧನೆಗೆ ಸಂದಿದೆ. ಅದು ನಡೆಸುತ್ತಿರುವ ದೀರ್ಘಕಾಲದ ಅಧ್ಯಯನದ ಫಲವಾಗಿ, ಬೆನ್ನುಹುರಿಯ ದ್ರವವನ್ನು ಪರೀಕ್ಷಿಸಿ ರೋಗದ ಮೂಲಾಂಶವನ್ನು ಗುರುತಿಸುವ ವಿಧಾನ 2023ರಲ್ಲಿ ದೃಢಪಟ್ಟಿತು.

ನಮ್ಮ ದೇಶದ ಲೆಕ್ಕ ಅಷ್ಟು ಹಿಗ್ಗಿನದಲ್ಲ. 2020-21ರಲ್ಲಿ ಭಾರತ ಎಲ್ಲ ಬಗೆಯ ಸಂಶೋಧನೆಗೂ ಕೂಡಿ ವೆಚ್ಚ ಮಾಡಿದುದು ರಾಷ್ಟ್ರೀಯ ಉತ್ಪನ್ನದ ಶೇ. 0.64 ಮಾತ್ರ. 2023ರ ಕಾಯಿದೆಯಂತೆ ಸ್ಥಾಪಿತವಾದ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಯ ಯೋಜನೆಯಿದೆ. ಅದರಲ್ಲಿ 36,000 ಕೋಟಿ ಸರಕಾರದ ಹೊರಗಿನಿಂದಲೇ ಬರಬೇಕೆಂದು ಎಣಿಕೆ. ದಾನಿಗಳ ಪರಂಪರೆ ನಮ್ಮಲ್ಲಿ ಇಲ್ಲದಿಲ್ಲ. ಜಮ್ಶೆಟ್‌ಜಿ ತಾತಾ ಅವರ ದತ್ತಿ, ಮೈಸೂರು ಅರಸರು ಕೊಟ್ಟ 371 ಎಕರೆ ನೆಲ ಸೇರಿ ಬೆಂಗಳೂರಿನ ವಿಜ್ಞಾನ ಮಂದಿರ 1909ರಲ್ಲಿ ಹುಟ್ಟಿತು. ಅದೇ ಆವರಣದಲ್ಲಿ ಇಂದು ಮಿದುಳಿನ ಸಂಶೋಧನೆಗೆಂದೇ ಒಂದು ಕೇಂದ್ರವಿದೆ. ಇನ್ಫೋಸಿಸಿನ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅವರ ಕುಟುಂಬದ ದತ್ತಿಯಿಂದ ನಡೆಯುವ ಆ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವೃದ್ಧಾಪ್ಯ ಮತ್ತು ಮರೆವಿನ ರೋಗವನ್ನು ಕುರಿತು ಸಾವಿರಾರು ಜನರನ್ನು ವರ್ಷವರ್ಷವೂ ಪರೀಕ್ಷಿಸುತ್ತಿದೆ.

ಕಾರಣವನ್ನು ಹುಡುಕುವ ಸಂಶೋಧನೆಗೂ ಹಣ ಬೇಕೆಂಬುದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 2000ದವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿಯಿತು. ಲೆಕ್ಕ ಹಿಡಿಯಲು ತೊಡಗಿದುದು ಮಕ್ಕಳು ನರಳಿದ ಮೇಲೆ. ಅದು ಬೇರೆ ವಿಷ, ಬೇರೆ ದುಃಖ. ಆದರೆ ಪ್ಯಾರಾಕ್ವಾಟ್, ರೋಟೆನೋನ್ ಎಂಬ ಕೃಷಿವಿಷಗಳನ್ನು ಬಳಸಿದವರಲ್ಲಿ ಪಾರ್ಕಿನ್ಸನ್ ರೋಗ ಹೆಚ್ಚೆಂದು ಅಮೇರಿಕದ ರೈತರಲ್ಲಿ ನಡೆದ ಅಧ್ಯಯನ 2011ರಲ್ಲಿ ತಿಳಿಸಿತು. ಅಂತಹ ಅಧ್ಯಯನಕ್ಕೆ ವಿಷ ಮಾರುವವರು ಕಾಸು ಕೊಡಲಾರರಷ್ಟೆ.

ಆದುದರಿಂದ ಆ ಐದುನೂರು ರೂಪಾಯಿ ಸಣ್ಣದಲ್ಲ. ಆದರೆ ಕೊಡುವ ಮೊದಲು ವಿಚಾರಿಸಬೇಕು. ಸಂಸ್ಥೆ ನೋಂದಣಿಯಾಗಿದೆಯೇ, ರಶೀದಿ ಕೊಡುವರೇ, ಲೆಕ್ಕಪರಿಶೋಧನೆಯ ವರದಿ ಕೇಳಿದರೆ ತೋರಿಸುವರೇ, ಹಿಂದಿನ ವರ್ಷ ಯಾವ ಪ್ರಯೋಗಶಾಲೆಗೆ ಎಷ್ಟು ಕೊಟ್ಟಿರುವರು ಎಂದು ಕೇಳುವುದರಲ್ಲಿ ನಾಚಿಕೆಯಿಲ್ಲ. ರೋಗಿಗಳ ಶುಶ್ರೂಷೆಗೆ ಸಹಾಯ ಮಾಡುವ ಸಂಸ್ಥೆ ಬೇರೆ, ಸಂಶೋಧನೆಗೆ ಕೊಡುವ ಸಂಸ್ಥೆ ಬೇರೆ. ಎರಡೂ ಒಳ್ಳೆಯವೇ, ನಮ್ಮ ಹಣ ಯಾವುದಕ್ಕೆಂದು ತಿಳಿದಿರಬೇಕು.

ಹಣವಿಲ್ಲದವರು ಕೊಡಬಹುದಾದುದೂ ಉಂಟು. ಪ್ರಯೋಗಗಳಿಗೆ ರೋಗಿಗಳು ಬೇಕು, ಆರೋಗ್ಯವಂತರೂ ಬೇಕು. ನಮ್ಮ ದೇಶದಲ್ಲಿ ಇಂತಹ ಪ್ರಯೋಗಗಳೆಲ್ಲ ವೈದ್ಯಕೀಯ ಸಂಶೋಧನ ಮಂಡಲಿಯ ಸಾರ್ವಜನಿಕ ನೋಂದಣಿ ಪಟ್ಟಿಯಲ್ಲಿ ದಾಖಲಾಗಬೇಕು. ನಿಜವಾದ ಪ್ರಯೋಗದಲ್ಲಿ ಹೊಸ ಔಷಧಕ್ಕೆಂದು ರೋಗಿಯಿಂದ ಹಣ ಕೇಳುವುದಿಲ್ಲ. ಕೇಳಿದರೆ ಅಲ್ಲಿಂದಲೇ ಎದ್ದು ಬರಬಹುದು. ಗಡಿಯಾಚೆಯ ನಮಗೆ ಮುಖ್ಯವಾದ ಮಾತೊಂದಿದೆ. 2019ರ ನಿಯಮಗಳಂತೆ ಒಪ್ಪಿಗೆ ಪತ್ರವು ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಸೊಲ್ಲಾಪುರದಲ್ಲಿ ಮರಾಠಿಯದನ್ನೋ, ನಮ್ಮಲ್ಲಿ ಮಲಯಾಳದ್ದನ್ನೋ ಮುಂದಿಟ್ಟು ರುಜು ಹಾಕಿರೆಂದರೆ, ಕನ್ನಡದ್ದನ್ನು ಕೊಡಿ ಎಂದು ಕೇಳುವುದು ಹಟವಲ್ಲ, ಹಕ್ಕು. ಮಾತು, ನೆನಪು, ಮನಸ್ಸಿನ ಸ್ಥಿತಿ ಇವುಗಳನ್ನು ಅಳೆಯುವ ಪ್ರಶ್ನಾವಳಿಗಳೂ ರೋಗಿಯ ಮನೆಮಾತಿನಲ್ಲಿಲ್ಲದಿದ್ದರೆ ಉತ್ತರ ತಪ್ಪಾಗುವುದು. ಮರಾಠಿ ಅರಿಯದ ಅಜ್ಜಿಗೆ ಮರೆವು ಹೆಚ್ಚೆಂದು ಬರೆದಾರು. ಮನೆಯ ಓದಿದ ಮಕ್ಕಳು ಜೊತೆಗೆ ಹೋಗಿ ಕುಳಿತರೆ ಒಳ್ಳೆಯದು.

ಇನ್ನೊಂದು ದಾನ ಹೇಳಲು ಸ್ವಲ್ಪ ಸಂಕೋಚವಾಗುವಂತಹದು. ವಿಯೆನ್ನಾದಲ್ಲಿ ರೋಗದ ಗುಟ್ಟು ಬಯಲಾದುದು ತೀರಿಕೊಂಡ ಆರು ಮಂದಿಯ ಮಿದುಳುಗಳಿಂದ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮಿದುಳು ಭಂಡಾರವೊಂದಿದೆ. ಕುಟುಂಬದ ಒಪ್ಪಿಗೆಯಿಂದ ಬಂದ ಮಿದುಳುಗಳನ್ನು ಅಲ್ಲಿ ಕಾಪಿಟ್ಟು ಸಂಶೋಧಕರಿಗೆ ಒದಗಿಸುವರು. ಸಾವು ಸಂಭವಿಸಿದ ಬಳಿಕ ಕೆಲವು ಗಂಟೆಗಳೊಳಗೆ ಕೆಲಸವಾಗಬೇಕಾದುದರಿಂದ ಸೊಲ್ಲಾಪುರ, ಕಾಸರಗೋಡುಗಳಿಂದ ಇದು ಸುಲಭವಲ್ಲ. ಹೊಸೂರಿನವರಿಗೆ ಬೆಂಗಳೂರು ಒಂದೆರಡು ಗಂಟೆಯ ಹಾದಿ. ಮಡಕಶಿರಾದವರಿಗೂ ಬಹಳ ದೂರವಲ್ಲ. ಆ ಕಡೆಯ ವಾಚಕರಲ್ಲಿ ಆಸಕ್ತಿಯುಳ್ಳವರು ಮನೆಯವರೊಡನೆ ಮೊದಲು ಮಾತನಾಡಿ, ಬಳಿಕ ನಿಮ್ಹಾನ್ಸಿಗೆ ಬರೆದು ವಿವರಗಳನ್ನು ತರಿಸಿಕೊಳ್ಳಬಹುದು.